ಮೊರದ ಮೀನಿನ ಗಡುವು

ಸಮುದ್ರದ ದಡವನ್ನು ನಾನು ನೋಡಿರುವುದು ಒಂದೇ ಸಲ. ಮದುವೆಯಾದ ವರ್ಷ ಧರ್ಮಸ್ಥಳಕ್ಕೆ ಹೋದವರು ಹಾಗೇ ಮುಂದಕ್ಕೆ ಮಂಗಳೂರಿನವರೆಗೂ ಹೋಗಿ, ಸೀರೆ ನೆನೆಯದಷ್ಟು ದೂರದಲ್ಲಿ ನಿಂತು, ಕಡಲೆಕಾಯಿ ತಿಂದು ವಾಪಸ್ ಬಂದಿದ್ದೆವು. ಆದರೆ ಸಮುದ್ರದ ತಳವನ್ನು ಮಾತ್ರ ಎರಡು ವರ್ಷದಿಂದ ದಿನಕ್ಕೆ ಎಂಟು ಗಂಟೆ ನೋಡುತ್ತಿದ್ದೇನೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ನಗಲಿ, ನನಗೆ ಈಗ ಅದಕ್ಕೆ ಬೇಸರ ಮಾಡಿಕೊಳ್ಳುವಷ್ಟೂ ಶಕ್ತಿ ಉಳಿದಿಲ್ಲ.

ತಿಪಟೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ಉದ್ದನೆಯ ರೂಮು. ಒಂಬತ್ತು ಕಂಪ್ಯೂಟರು, ಒಂಬತ್ತು ಹೆಂಗಸರು, ಎರಡು ಫ್ಯಾನು. ಎಲ್ಲೋ ಉತ್ತರದ ಕೊನೆಯಲ್ಲಿರುವ ತಣ್ಣನೆಯ ಸಮುದ್ರದ ತಳಕ್ಕೆ ಕ್ಯಾಮೆರಾ ಇಳಿಸಿ ತೆಗೆದ ಚಿತ್ರಗಳು ನಮಗೆ ಬರುತ್ತವೆ. ಚಿತ್ರದಲ್ಲಿ ಯಾವ ಪ್ರಾಣಿ ಕಂಡರೂ ಅದರ ಸುತ್ತ ಚೌಕ ಎಳೆದು, ಇದು ಇಂಥದ್ದು ಎಂದು ಗುರುತು ಹಾಕಬೇಕು. ಹೀಗೆ ಸಾವಿರಾರು ಚಿತ್ರಕ್ಕೆ ಗುರುತು ಹಾಕಿದರೆ ಆಮೇಲೆ ಕಂಪ್ಯೂಟರೇ ಕಲಿತುಕೊಳ್ಳುತ್ತದಂತೆ. ಅದು ಕಲಿತ ಮೇಲೆ ನಮ್ಮ ಗತಿಯೇನು ಎಂದು ನಾವು ಕೇಳಿಲ್ಲ, ಚಿತ್ರ ಕಳಿಸುವವರು ಹೇಳಿಲ್ಲ. ನಾನು ಈ ಊರಿನಲ್ಲೇ ಬಿಎಸ್ಸಿ ಮಾಡಿ, ಖಾಸಗಿ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ವಿಜ್ಞಾನ ಹೇಳಿಕೊಟ್ಟು, ಆ ಶಾಲೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವಳು. ತುರುವೇಕೆರೆ ಕಡೆಯ ನಮ್ಮ ಹಳ್ಳಿಯಿಂದ ಬೆಳಿಗ್ಗೆ ಏಳೂ ಕಾಲಿನ ಬಸ್ಸು, ಸಂಜೆ ಆರರ ಬಸ್ಸು. ಸೀಟು ಸಿಕ್ಕ ದಿನ ನಿದ್ದೆ, ಸಿಗದ ದಿನ ಸೊಂಟನೋವು.

ನಾವು ಹುಡುಕಬೇಕಾದ ಪ್ರಾಣಿ ಸ್ಕೇಟ್ ಎಂಬ ಮೀನು. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿಗೆ ದಾಯಾದಿ. ಮೀನು ಅಂದರೆ ಕಣ್ಣಿಗೆ ಬರುವ ಆಕಾರವೇ ಅದಕ್ಕಿಲ್ಲ. ಚಪ್ಪಟೆ ಮೈ, ಎರಡು ಕಡೆ ಅಗಲವಾದ ರೆಕ್ಕೆ, ಹಿಂದೆ ಒಂದು ಸಣಕಲು ಬಾಲ, ಬೆನ್ನಿನ ನಡುವೆ ಸಾಲಾಗಿ ಮುಳ್ಳು. ಕಣ್ಣು ಮೇಲೆ, ಬಾಯಿ ಕೆಳಗೆ. ಅಂದರೆ ತಾನು ತಿನ್ನುವುದನ್ನು ಅದು ಎಂದೂ ನೋಡುವುದಿಲ್ಲ. ಕೆಸರನ್ನು ಮೈಮೇಲೆ ಎಳೆದುಕೊಂಡು ಬರೀ ಎರಡು ಕಣ್ಣು ಹೊರಗಿಟ್ಟು ಮಲಗುತ್ತದೆ. ಕಣ್ಣಿನ ಹಿಂದಿನ ತೂತಿನಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ಸೀಗಡಿಯೋ ಏಡಿಯೋ ಹತ್ತಿರ ಬಂದರೆ ಮೈಯೆಲ್ಲ ಅದರ ಮೇಲೆ ಹೊದಿಸಿ ತಿಂದು ಮತ್ತೆ ಮಲಗುತ್ತದೆ. ಮೊದಮೊದಲು ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಬಸ್ಸಿಲ್ಲ, ಅಡುಗೆಯಿಲ್ಲ, ತಣ್ಣಗೆ ಮಲಗಿರುವುದೇ ಕೆಲಸ.

ಅತ್ತೆಗೆ ಫೋನಿನಲ್ಲಿ ಅದರ ಫೋಟೋ ತೋರಿಸಿದ್ದೆ. ಅತ್ತೆಗೆ ಎಪ್ಪತ್ತು ದಾಟಿದೆ, ಕಣ್ಣು ಇನ್ನೂ ಚುರುಕು. ತಿರುಗಿಸಿ ಮುರುಗಿಸಿ ನೋಡಿ, "ಮೀನಲ್ಲ ಕಣೇ ಇದು, ಮೊರಕ್ಕೆ ಬಾಲ ಕಟ್ಟವ್ರೆ" ಎಂದರು. ಆವತ್ತಿನಿಂದ ನಮ್ಮ ಮನೆಯಲ್ಲಿ ಅದು ಮೊರದ ಮೀನು. ನಾನು ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು, "ಇವತ್ತು ಎಷ್ಟು ಮೊರ ಸಿಕ್ಕುದ್ವು?"

ಮೀನಿಗಿಂತ ಮುಖ್ಯವಾದದ್ದು ಅದರ ಮೊಟ್ಟೆ. ಅಂಗೈಯಷ್ಟು ಅಗಲದ ಕಂದು ಬಣ್ಣದ ಚೀಲ, ನಾಲ್ಕು ಮೂಲೆಯಲ್ಲಿ ನಾಲ್ಕು ಕೊಂಬು. ನೋಡಲು ಹಳೇ ಕಾಲದ ಎಲೆಅಡಿಕೆ ಸಂಚಿಯ ಹಾಗೆ. ನಾವೆಲ್ಲ ಅದನ್ನು ಸಂಚಿ ಎಂದೇ ಕರೆಯುತ್ತಿದ್ದೆವು. ತಾಯಿ ಅದನ್ನು ತಳದ ಮೇಲೆ ಇಟ್ಟು ಹೊರಟುಹೋಗುತ್ತದೆ, ತಿರುಗಿ ನೋಡುವುದಿಲ್ಲ. ಆದರೆ ಇಡುವುದಕ್ಕೆ ಮಾತ್ರ ಬೇರೆ ಬೇರೆ ತಾಯಿಮೀನುಗಳೂ ವರ್ಷ ವರ್ಷ ಅದೇ ಜಾಗಕ್ಕೆ ಬರುತ್ತವೆ. ಹೀಗಾಗಿ ಕೆಲವು ಕಡೆ ಸಂಚಿಗಳ ರಾಶಿಯೇ ಬಿದ್ದಿರುತ್ತದೆ. ಒಳಗಿನ ಮರಿ ತನ್ನ ಬಾಲ ಅಲ್ಲಾಡಿಸುತ್ತಾ ಕೊಂಬಿನ ಸೀಳಿನಿಂದ ಹೊಸ ನೀರು ಎಳೆದುಕೊಳ್ಳುತ್ತಾ ಬೆಳೆಯುತ್ತದೆ. ಬಸವನಹುಳದ ಜಾತಿಯ ಶಂಖವೊಂದು ಬಂದು ತೂತು ಕೊರೆದರೆ ಅಲ್ಲಿಗೆ ಅದರ ಕತೆ ಮುಗಿಯಿತು. ಕೊರೆಯದಿದ್ದರೆ ಒಂದು ದಿನ ಸಂಚಿಯ ಬಾಯಿ ಬಿಚ್ಚಿಕೊಂಡು ಮರಿ ಆಚೆ ಬರುತ್ತದೆ. ಸಂಚಿಗೆ ಚೌಕ ಎಳೆದ ಮೇಲೆ ನಾವು ಮೂರು ಗುಂಡಿಯಲ್ಲಿ ಒಂದನ್ನು ಒತ್ತಬೇಕು. ಲೈವ್, ಎಂಪ್ಟಿ, ನಾಟ್ ಶೂರ್.

ಈ ಮೂರು ಗುಂಡಿಯ ಮೇಲೆ ಏನು ನಿಂತಿದೆ ಎಂದು ಮೊದಲ ವಾರವೇ ನಮ್ಮ ಮೇಡಂ ಹೇಳಿದ್ದಳು. ಮೇಡಂ ಅಂದರೆ ಆ ರೂಮು ನೋಡಿಕೊಳ್ಳುವ ಹುಡುಗಿ, ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. "ಲೈವ್ ಸಂಚಿ ಜಾಸ್ತಿ ಇರೋ ಜಾಗದಲ್ಲಿ ಬಲೆ ಹಾಕೋದಿಲ್ಲ. ಖಾಲಿ ಅಂತ ಬಂದ್ರೆ ಹಡಗು ತಳ ಗೋರ್ಕೊಂಡು ಹೋಗ್ತವೆ. ನೋಡ್ಕೊಂಡು ಒತ್ತಿ ಅಕ್ಕ." ನಾವು ತಲೆಯಾಡಿಸಿದೆವು. ಕೆಲಸಕ್ಕೊಂದು ದೊಡ್ಡ ಪುಸ್ತಕದಷ್ಟು ಸೂಚನೆ ಕಳಿಸಿದ್ದರು. ನಾನು ಮೊದಲ ಮೂರು ಪುಟ ಓದಿದ್ದೆ. ಉಳಿದವರು ನಾನು ಓದಿದ್ದೇನೆ ಎಂದು ಓದಿರಲಿಲ್ಲ.

ಇಲ್ಲಿ ನಮ್ಮ ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಒಡೆದು ಒಣಗಿಸಿ ಕೊಬ್ಬರಿ ಮಾಡುವುದಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತೇವೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಹತ್ತು ಹನ್ನೊಂದು ತಿಂಗಳಾದ ಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟ ಲೊಟ ಸದ್ದು. ಆ ಸದ್ದು ಕೇಳದೆ ಮುಟ್ಟಿದವನು ಕೆಟ್ಟ. ವರ್ಷ ಕಳೆದ ಮೇಲೂ ಸದ್ದು ಬಾರದ ಕಾಯಿ ಕೆಟ್ಟದ್ದು. ಒಡೆದರೆ ಕೌಟು ವಾಸನೆ, ಒಲೆಗೆ ಹಾಕಬೇಕು. ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ಅತ್ತೆ ಒಂದು ಕಾಯಿ ನನ್ನ ಕೈಗೆ ಕೊಟ್ಟು, "ಏನಂತೈತೆ?" ಎಂದು ಕೇಳಿದ್ದರು. ನಾನು "ಗೊತ್ತಿಲ್ಲ" ಎಂದೆ. ಮನೆ ತುಂಬ ನೆಂಟರಿದ್ದರು, ಎಲ್ಲರೂ ನಕ್ಕರು. ಗೊತ್ತಿಲ್ಲ ಅನ್ನುವ ಸೊಸೆ ಕೊಬ್ಬರಿ ಮನೆಗೆ ಯಾಕೆ ಬಂದಳು ಎಂದು ಯಾರೋ ಅಂದರು. ಅದಾದ ಮೇಲೆ ಇಪ್ಪತ್ತೆರಡು ವರ್ಷ ಯಾವ ಕಾಯಿಗೂ ನಾನು ಆ ಮಾತು ಅಂದಿಲ್ಲ. ಕೆಲಸದ ರೂಮಿನಲ್ಲೂ ಮೂರನೆಯ ಗುಂಡಿಯನ್ನು ಒತ್ತಿರಲಿಲ್ಲ.

ಕ್ಯಾಮೆರಾ ಎರಡು ತಿಂಗಳಿಗೊಮ್ಮೆ ಅವೇ ಜಾಗಗಳಿಗೆ ಇಳಿಯುತ್ತಿತ್ತು. ಜಾಗಕ್ಕೆ ನಂಬರು ಇತ್ತು, ಆದರೆ ನಾನು ಕಲ್ಲಿನ ಗುರುತು ಇಟ್ಟುಕೊಂಡಿದ್ದೆ. ಒಂದು ಕಡೆ ಒರಳುಕಲ್ಲಿನ ಹಾಗೆ ನಡುವೆ ಗುಳಿಬಿದ್ದ ಕಲ್ಲು, ಅದರ ಸುತ್ತ ಹತ್ತಾರು ಸಂಚಿ. ಕೆಲಸಕ್ಕೆ ಸೇರಿದ ವಾರವೇ ಅದು ನನಗೆ ಸಿಕ್ಕಿತ್ತು. ಎಲ್ಲದಕ್ಕೂ ಲೈವ್ ಒತ್ತಿದ್ದೆ. ಮತ್ತೆ ಬಂತು, ಮತ್ತೆ ಬಂತು. ಅದೇ ಸಂಚಿ, ಅದೇ ಜಾಗ, ಮೇಲೆ ಪಾಚಿಯಂಥದ್ದು ಬೆಳೆದು ಕಪ್ಪಾಗುತ್ತಾ ಬಂತು. ವರ್ಷ ದಾಟಿತು. ಒಂದು ಸಂಜೆ ರೊಟ್ಟಿ ತಟ್ಟುತ್ತಾ ಅತ್ತೆಗೆ ಹೇಳಿದೆ, ಮೊರದ ಮೀನಿನ ಮೊಟ್ಟೆ ಒಂದು ವರ್ಷದ ಮೇಲಾದರೂ ಹಾಗೇ ಬಿದ್ದಿದೆ ಎಂದು.

"ವರ್ಷ ಮೀರ್ತಾ?"

"ಹೂಂ."

"ಇನ್ನೇನೈತೆ ಅದ್ರಾಗೆ. ಕೌಟು. ಬುಡು ಅತ್ಲಾಗೆ."

ಬಿಟ್ಟೆ. ಮಾರನೆಯ ದಿನದಿಂದ ವರ್ಷ ದಾಟಿದ ಸಂಚಿಗೆಲ್ಲ ಎಂಪ್ಟಿ. ಬಾಯಿ ಬಿಚ್ಚಿದೆಯೋ ಮುಚ್ಚಿದೆಯೋ ನೋಡುವ ಗೋಜಿಗೂ ಹೋಗಲಿಲ್ಲ. ನೋಡದೆ ಒತ್ತುವುದರಿಂದ ಕೈ ಬೇಗ ಓಡುತ್ತಿತ್ತು. ಕಣ್ಣಿಗೆ ಆಯಾಸ ಕಡಿಮೆಯಾಯಿತು, ಅದು ನನಗೆ ದೊಡ್ಡ ಸಮಾಧಾನ. ಪಕ್ಕದ ಸೀಟಿನಲ್ಲಿ ಕೆಂಕೆರೆಯವಳೊಬ್ಬಳಿದ್ದಳು. "ಅಕ್ಕ, ನೀವು ಅದೆಂಗೆ ಅಷ್ಟು ಬೇಗ ಹೇಳ್ತೀರಿ?" ಎಂದು ಕೇಳಿದಳು. ನಾನು ಮೇಷ್ಟ್ರ ಗತ್ತಿನಲ್ಲಿ, "ಕೊಬ್ಬರಿ ಮನೇಲಿ ಹುಟ್ಟಿ ಅದೂ ಗೊತ್ತಿಲ್ವೇನೇ? ವರ್ಷ ಆದ್ಮೇಲೆ ಒಳಗೇನಿರುತ್ತೆ?" ಎಂದೆ. ಅವಳಿಗೆ ತಟ್ಟನೆ ಅರ್ಥವಾಯಿತು. ಅವಳ ಪಕ್ಕದವಳಿಗೂ ಅರ್ಥವಾಯಿತು. ಆ ರೂಮಿನಲ್ಲಿ ಅಟ್ಟವಿಲ್ಲದ ಮನೆಯಿಂದ ಬಂದವಳು ಒಬ್ಬಳೂ ಇರಲಿಲ್ಲ. ವಾರದೊಳಗೆ ಒಂಬತ್ತು ಜನಕ್ಕೂ ಅದೇ ಕಾನೂನಾಯಿತು.

ತಪ್ಪು ಹಿಡಿಯಲು ಒಂದು ಏರ್ಪಾಡಿತ್ತು. ಒಂದೇ ಚಿತ್ರವನ್ನು ಮೂರು ಜನಕ್ಕೆ ಕೊಡುತ್ತಿದ್ದರು. ಮೂವರೂ ಒಂದೇ ಗುಂಡಿ ಒತ್ತಿದರೆ ಸರಿ ಎಂದು ಲೆಕ್ಕ, ಬೇರೆ ಬೇರೆ ಒತ್ತಿದರೆ ಮಾತ್ರ ಮೇಲಿನವರು ನೋಡುತ್ತಿದ್ದರು. ಮೂರು ಜನ ಸೇರಿ ಹೇಳಿದರೆ ಮೇಕೆಯೂ ನಾಯಿಯಾಗುತ್ತದೆ. ನಮ್ಮಲ್ಲಿ ಯಾವ ಮೂವರ ನಡುವೆಯೂ ಎಂದೂ ಭಿನ್ನಾಭಿಪ್ರಾಯ ಬರಲಿಲ್ಲ. ನಮ್ಮ ರೂಮಿನ ಕೆಲಸ ಬಹಳ ಚೆನ್ನಾಗಿದೆ ಎಂದು ಕಾಗದ ಬಂತು. ಮೇಡಂ ಎಲ್ಲರಿಗೂ ಮೈಸೂರ್ ಪಾಕ್ ತರಿಸಿದಳು.

ಎಂಟು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ, ಊಟವಾಗಿ ಕಣ್ಣು ಎಳೆಯುವ ಹೊತ್ತಿನಲ್ಲಿ, ಒರಳುಕಲ್ಲಿನ ಚಿತ್ರ ಬಂತು. ಕಲ್ಲಿನ ಎಡಕ್ಕೆ ಕೊಂಬು ಮುರಿದ ಒಂದು ಸಂಚಿ ಇತ್ತು. ಮೊದಲ ವಾರದಿಂದ ನನಗೆ ಗುರುತಿನದು. ಎಂಪ್ಟಿ ಒತ್ತಲು ಬೆರಳು ಹೋಗಿತ್ತು. ಸಂಚಿಯ ಬಾಯಿ ಬಿಚ್ಚಿಕೊಂಡಿತ್ತು. ಅದರ ಮುಂದೆ ಕೆಸರಿನ ಮೇಲೆ ಪುಟ್ಟದೊಂದು ಸ್ಕೇಟ್, ಬಾಲ ಇನ್ನೂ ಸಂಚಿಯೊಳಗೇ ಇತ್ತು. ರೆಕ್ಕೆಯ ಅಂಚು ಇನ್ನೂ ಸುರುಳಿ ಬಿಚ್ಚಿರಲಿಲ್ಲ. ಬೆನ್ನ ಮೇಲೆ ಮುಳ್ಳು ಕೂಡ ಮೂಡಿತ್ತು. ತಾಯಿಯದೇ ಅಚ್ಚು, ಯಾರ ಹಂಗೂ ಇಲ್ಲದೆ ಬದುಕಲು ಸಿದ್ಧವಾಗಿ ಬಂದಿತ್ತು.

ನಾನು ಆ ಸಂಚಿಗೆ ನಾಲ್ಕು ಸಲ ಖಾಲಿ ಎಂದಿದ್ದೆ. ಸೂಚನೆಯ ಪುಸ್ತಕವನ್ನು ಆವತ್ತು ತೆರೆದು ನಾಲ್ಕನೆಯ ಪುಟದಿಂದ ಓದಲು ಕೂತೆ. ಬಾಯಿ ಮುಚ್ಚಿದ್ದು ತೂತಿಲ್ಲದಿದ್ದರೆ ಲೈವ್ ಎಂದೇ ಒತ್ತಬೇಕು, ಮೇಲೆ ಎಷ್ಟೇ ಪಾಚಿ ಕಟ್ಟಿರಲಿ ಎಂದಿತ್ತು. ಬಾಯಿ ಕಾಣದಿದ್ದರೆ ನಾಟ್ ಶೂರ್ ಎಂದಿತ್ತು. ಅದರ ಕೆಳಗೇ, ಇಷ್ಟು ತಣ್ಣನೆಯ ನೀರಿನಲ್ಲಿ ಮರಿ ಹೊರಬರಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಬಹುದು ಎಂದಿತ್ತು. ಮೂರು ವರ್ಷ ಎಂಬುದನ್ನು ನಾನು ಎರಡು ಸಲ ಓದಿದೆ. ನಮ್ಮಲ್ಲಿ ಅಷ್ಟು ಹೊತ್ತು ಕಾಯುವ ಕಾಯಿಯಿಲ್ಲ, ಕಸುಬಿಲ್ಲ.

ಮೇಡಂ ಹತ್ತಿರ ಹೋಗಿ ಹೇಳಿದೆ. ಅವಳು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದಳು.

"ಒಬ್ಬರದ್ದಾ, ಎಲ್ಲರದ್ದಾ?"

"ಎಲ್ಲರದ್ದೂ. ನಾನೇ ಹೇಳ್ಕೊಟ್ಟಿದ್ದು."

"ಅವರಿಗೆ ಗೊತ್ತಾಗಿಲ್ವಲ್ಲ ಅಕ್ಕ. ಇವತ್ತಿಂದ ಸರಿಯಾಗಿ ಒತ್ತಿದ್ರೆ ಆಯ್ತು. ಹಳೇದನ್ನ ಕೆದಕಿದ್ರೆ ಕೆಲಸಾನೇ ಬೇರೆ ಊರಿಗೆ ಹೋಗುತ್ತೆ. ಇಲ್ಲಿರೋರೆಲ್ಲ ಏನ್ಮಾಡ್ಬೇಕು?"

ಅವಳು ಹೇಳಿದ್ದು ಸುಳ್ಳಲ್ಲ. ಅದಕ್ಕೇ ನನಗೆ ಅವಳ ಮೇಲೆ ಸಿಟ್ಟು ಬಂದದ್ದು. ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದೆ. ಆ ರಾತ್ರಿ ಊಟ ಸೇರಲಿಲ್ಲ. ಹಿಮದ ಸಮುದ್ರದ ಮೀನು ಸತ್ತರೆ ನನಗೇನು, ನಾನು ಅದನ್ನು ತಿನ್ನುವವಳಲ್ಲ, ಮಾರುವವಳಲ್ಲ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ಆ ಸುರುಳಿ ಬಿಚ್ಚದ ರೆಕ್ಕೆ ಕಣ್ಣಿನಿಂದ ಹೋಗಲಿಲ್ಲ. ಬೆಳಿಗ್ಗೆ ಹೋಗಿ, ಚಿತ್ರ ಕಳಿಸುವವರಿಗೆ ಕಾಗದ ನಾನೇ ಬರೆಯುತ್ತೇನೆ, ತಪ್ಪು ನನ್ನದು ಎಂದೇ ಬರೆಯುತ್ತೇನೆ ಎಂದೆ. ಬರೆದದ್ದನ್ನು ಮೇಡಂ ತಾನೇ ಕಳಿಸಿದಳು. ಅದು ಅವಳ ದೊಡ್ಡತನ.

ಒಂಬತ್ತು ದಿನಕ್ಕೆ ಉತ್ತರ ಬಂತು. ಬೈಗುಳ ಇರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೇಳಿದ್ದಕ್ಕೆ ಥ್ಯಾಂಕ್ಸ್, ಎಂಟು ತಿಂಗಳ ಚಿತ್ರಗಳನ್ನು ಮತ್ತೆ ಕಳಿಸುತ್ತೇವೆ, ಹೊಸದಾಗಿ ಗುರುತು ಹಾಕಿ ಎಂದು ಬರೆದಿದ್ದರು. ಕೊನೆಯಲ್ಲಿ ಎರಡು ಸಾಲು. ಒಂದು ಜಾಗದಲ್ಲಿ ಬಲೆ ಹಾಕಬಹುದೆಂಬ ತೀರ್ಮಾನ ಆಗಲೇ ಆಗಿಬಿಟ್ಟಿದೆ, ಅದನ್ನು ಬದಲಿಸಲು ಬರುವುದಿಲ್ಲ. ಅದರ ನಂಬರನ್ನೂ ಕೊಟ್ಟಿದ್ದರು. ನನಗೆ ನಂಬರು ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ. ಒರಳುಕಲ್ಲಿನದೇ.

ಆಮೇಲಿನ ಮೂರು ತಿಂಗಳು ಒಂಬತ್ತು ಜನವೂ ಮಾಡಿದ್ದನ್ನೇ ಮತ್ತೆ ಮಾಡಿದೆವು. ಯಾರೂ ನನ್ನನ್ನು ಎದುರಿಗೆ ಏನೂ ಅನ್ನಲಿಲ್ಲ. ಕೆಂಕೆರೆಯವಳು ಮಧ್ಯಾಹ್ನದ ಡಬ್ಬಿ ತೆಗೆದುಕೊಂಡು ಇನ್ನೊಂದು ಕಿಟಕಿಯ ಹತ್ತಿರ ಕೂರಲು ಶುರುಮಾಡಿದಳು. ಅವಳು ತರುತ್ತಿದ್ದ ಹುಚ್ಚೆಳ್ಳು ಚಟ್ನಿಯ ವಾಸನೆ ಅಲ್ಲಿಂದಲೇ ಬರುತ್ತಿತ್ತು. ಆ ಬೇಸಿಗೆಯಷ್ಟು ಸುಸ್ತು ನನಗೆ ಹೆರಿಗೆಯಾದಾಗಲೂ ಆಗಿರಲಿಲ್ಲ.

ಮನೆಯಲ್ಲಿ ಅತ್ತೆಗೂ ಹೇಳಿದೆ. ವರ್ಷದ ಮಾತು ಅವರದು ಎಂದು ಚುಚ್ಚುವುದಕ್ಕಲ್ಲ. ಆದರೂ ಅವರಿಗೆ ಚುಚ್ಚಿತು. ಆವತ್ತು ಅಟ್ಟದಿಂದ ಕಾಯಿ ಇಳಿಸಿ, ಸದ್ದು ಬಾರದ ಹದಿನೆಂಟೋ ಇಪ್ಪತ್ತೋ ಕಾಯನ್ನು ಒಲೆಗೆಂದು ಬೇರೆ ಇಟ್ಟಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಅವೆಲ್ಲ ಅಟ್ಟದ ಮೂಲೆಗೆ ಹೋಗಿದ್ದವು. ಆ ವಯಸ್ಸಿನಲ್ಲಿ ಏಣಿ ಹತ್ತಿದ್ದೇಕೆ ಎಂದು ರೇಗಿದೆ.

"ಇರ್ಲಿ ಬುಡು. ಇನ್ನೊಂದೆಲ್ಡು ತಿಂಗ್ಳು ನೋಡನ. ನಾನೇನು ಎಲ್ಲಾ ಕಂಡಿವ್ನಾ" ಎಂದರು.

ಅತ್ತೆಯ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಎರಡು ತಿಂಗಳಾದ ಮೇಲೆ ಇಳಿಸಿದೆವು. ಒಂದೊಂದನ್ನೂ ಅವರು ಅಲ್ಲಾಡಿಸಿದರು, ನಾನೂ ಅಲ್ಲಾಡಿಸಿದೆ. ಸುಲಿದು, ಒಡೆದು ನೋಡಿದೆವು. ಒಂದೂ ಬಿಡದ ಹಾಗೆ ಕೌಟು. ಹಿತ್ತಲೆಲ್ಲ ವಾಸನೆ. ಅತ್ತೆ ಸೆರಗನ್ನು ಮೂಗಿಗೆ ಅಡ್ಡ ಹಿಡಿದು, "ನಮ್ ಕಾಯ್ಗೆ ನಮ್ ಲೆಕ್ಕವೇ ಸರಿ ಕಣೇ" ಎಂದು ನಕ್ಕರು. ನನಗೂ ನಗು ಬಂತು. ಅವರು ಐವತ್ತು ವರ್ಷದಿಂದ ತಪ್ಪು ಹೇಳಿರಲಿಲ್ಲ. ಅವರ ಮಾತನ್ನು ಅಟ್ಟದಿಂದ ಇಳಿಸಿ ಬಸ್ಸು ಹತ್ತಿಸಿ, ಗೊತ್ತಿಲ್ಲದ ನೀರಿಗೆ ಹಾಕಿದವಳು ನಾನು.

ಹೋದ ತಿಂಗಳು ಒರಳುಕಲ್ಲಿನ ಜಾಗದ ಚಿತ್ರ ಬಂತು. ನಂಬರು ಅದೇ. ಕಲ್ಲು ಕಾಣಲಿಲ್ಲ. ಕೆಸರಿನ ಮೇಲೆ ಆ ತುದಿಯಿಂದ ಈ ತುದಿಗೆ ಕುಂಟೆ ಹೊಡೆದ ಹೊಲದ ಹಾಗೆ ಗೆರೆಗಳು. ಹುಡುಕಿದಾಗ ಮೂಲೆಯಲ್ಲಿ ಕಲ್ಲು ಮಗುಚಿ ಬಿದ್ದಿತ್ತು, ಗುಳಿ ಕೆಳಗಾಗಿತ್ತು. ಹತ್ತಾರು ಸಂಚಿಯಲ್ಲಿ ಒಂದೂ ಕಾಣಲಿಲ್ಲ. ಏನೂ ಇಲ್ಲದ ಚಿತ್ರಕ್ಕೆ ಏನೂ ಇಲ್ಲ ಎಂದು ಒತ್ತಿ ಮುಂದೆ ಹೋಗಬೇಕು, ಒಂದು ಕ್ಷಣದ ಕೆಲಸ. ನಾನು ಒತ್ತದೆ ದೊಡ್ಡದು ಮಾಡಿ ಮಾಡಿ ನೋಡಿದೆ. ಒಂದು ಗೆರೆಯ ಅಂಚಿನಲ್ಲಿ ಅರ್ಧ ಹೂತುಹೋದ ಒಂದು ಸಂಚಿ ಸಿಕ್ಕಿತು. ಕಪ್ಪು ಪಾಚಿ, ಹಳೆಯದು. ಮೇಲಿನ ಎರಡು ಕೊಂಬು ಕಾಣುತ್ತಿದ್ದವು. ಬಾಯಿ ಮುಚ್ಚಿತ್ತು. ತೂತು ಇರಲಿಲ್ಲ.

ಅದೇ ಚಿತ್ರ ಕೆಂಕೆರೆಯವಳಿಗೂ ಹೋಗಿತ್ತು. ಎಷ್ಟೋ ದಿನದ ಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕ, ಇದಕ್ಕೇನ್ ಒತ್ಲಿ?"

"ನನ್ನ ಕೇಳ್ಬೇಡ ಕಣೇ. ಬಾಯಿ ನೋಡು."

ಅವಳು ಪರದೆಯ ಹತ್ತಿರ ಮುಖ ತಂದು ನೋಡಿದಳು. "ಮುಚ್ಚೈತೆ," ಎಂದಳು. ಆ ಚಿತ್ರ ಸಿಕ್ಕಿದ್ದ ಮೂರನೆಯವಳು ಎದ್ದು ಬಂದು ಅವಳ ಹೆಗಲ ಮೇಲಿಂದ ನೋಡಿದಳು. ಮೂವರೂ ಲೈವ್ ಒತ್ತಿದೆವು. ಒಂದೇ ಒಂದು ಸಂಚಿ ಉಳಿದರೆ ಆ ಜಾಗವನ್ನು ಬಲೆ ಹಾಕದೆ ಬಿಡುತ್ತಾರಾ ಎಂದು ಮೇಡಂಳನ್ನು ಕೇಳಿದೆ. ಬಿಡುವುದಿಲ್ಲ, ಇನ್ನು ಅಲ್ಲಿಗೆ ಕ್ಯಾಮೆರಾವನ್ನೂ ಇಳಿಸುವುದಿಲ್ಲವಂತೆ ಎಂದಳು.

ಆವತ್ತು ಸಂಜೆ ಅತ್ತೆ ಜಗಲಿಯ ಮೇಲೆ ಅವರೆಕಾಳು ಕೇರುತ್ತಿದ್ದರು. ಚಪ್ಪಲಿ ಬಿಟ್ಟು ಅವರ ಪಕ್ಕ ಕೂತು, ಒರಳುಕಲ್ಲಿನ ಜಾಗವನ್ನು ಬಲೆ ಗೋರಿಕೊಂಡು ಹೋದದ್ದನ್ನು ಹೇಳಿದೆ.

"ಎಷ್ಟು ಉಳ್ಕಂಡವೆ?"

"ಒಂದು."

"ಜೀವ ಐತಾ?"

"ಬಾಯಿ ಮುಚ್ಚೈತೆ."

ಮೊರವನ್ನು ಮೊಣಕಾಲ ಮೇಲೆ ನಿಲ್ಲಿಸಿದರು. "ಅದು ಈಚೆ ಬರಾಕೆ ಇನ್ನೆಷ್ಟು ದಿನ ಬೇಕು?"

ನಾನು ಮನಸ್ಸಿನಲ್ಲೇ ಎಣಿಸಲು ಹೋದೆ. ಅದನ್ನು ಮೊದಲು ನೋಡಿದ ತಿಂಗಳು, ಖಾಲಿ ಎಂದ ತಿಂಗಳುಗಳು, ಬಲೆ ಎಳೆದ ಹಡಗು ಮತ್ತೆ ಬರುವ ತಿಂಗಳು. ಯಾವುದೂ ಕೂಡಿಬರಲಿಲ್ಲ. ನನಗೆ ಅಳು ಬಂತು.

"ಗೊತ್ತಿಲ್ಲ ಅತ್ತೆ" ಎಂದೆ.

ಈ ಸಲ ಯಾರೂ ನಗಲಿಲ್ಲ. ಅತ್ತೆ ಮೊರ ಪಕ್ಕಕ್ಕಿಟ್ಟು, ನನಗೆ ನೀರು ತರಲು ಎದ್ದರು.